ಏರಿನಲ್ಲಿ ಮಾತ್ರ ಕೇಳುವ ಸದ್ದು

ಕೀಲಿ ಮೆಕ್ಯಾನಿಕ್ ಕೈಯಲ್ಲಿದೆ. ಎಂಜಿನ್ ಇನ್ನೂ ಓಡುತ್ತಿದೆ.

ಬೆಳಕು ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಒಂದೇ ಬಲ್ಬು. ಅದರ ಕೆಳಗೆ ಹಳೆಯ ಕಾರೊಂದು ಬಾನೆಟ್ ತೆರೆದುಕೊಂಡು, ಮೈ ಕೊಡವುತ್ತ, ಕೆಮ್ಮುತ್ತ, ತನ್ನ ಪಾಡಿಗೆ ತಾನು ತಿರುಗುತ್ತಿದೆ. ಅದನ್ನು ತಂದ ಟೈಲರ್ ಗೋಡೆಯವರೆಗೆ ಹಿಂದೆ ಸರಿದಿದ್ದಾರೆ.

"ಮಾಮ, ಕೀ ನಿಮ್ಮ ಕೈಲಿದೆ. ಇದು ಈಗ ಯಾರ ಮಾತು ಕೇಳ್ತಿದೆ?"

"ಯಾರದ್ದೂ ಇಲ್ಲ. ಅದಕ್ಕೇ ತಾನೆ ನೀನು ಬೆಳಿಗ್ಗೇನೇ ಓಡಿ ಬಂದಿರೋದು?"

ಮೆಕ್ಯಾನಿಕ್ ಕಾರಿನೊಳಗೆ ಕೂತು, ಬ್ರೇಕ್ ಒತ್ತಿ, ಗೇರ್ ಹಾಕಿ, ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಾರೆ. ಕಾರು ಮುಂದಕ್ಕೆ ಮುಗ್ಗರಿಸಿ ಸತ್ತುಹೋಗುತ್ತದೆ. ಆಮೇಲೆ ಶೆಡ್ಡಿನಲ್ಲಿ ಉಳಿಯುವುದು ಕಾದ ಕಬ್ಬಿಣ ತಣಿಯುವ ಚಿಟಚಿಟ ಮಾತ್ರ.

"ಒಳಗೆ ಮಸಿ ಗಟ್ಟಿಯಾಗಿ ಕೂತಿದೆ. ಕಾದು ಕಾದು ಕೆಂಡ ಆಗಿದೆ. ಕೀ ತೆಗೆದ್ರೆ ಕಿಡಿ ನಿಲ್ಲುತ್ತೆ. ಕೆಂಡ ಎಲ್ಲಿ ನಿಲ್ಲುತ್ತೆ? ಪೆಟ್ರೋಲ್ ಒಳಗೆ ಹೋದ ಹಾಗೆಲ್ಲ ಹತ್ಕೋತಾನೇ ಇರುತ್ತೆ."

"ಅಂದ್ರೆ ದೆವ್ವ ಅಲ್ಲ?"

"ದೆವ್ವ ಆಗಿದ್ರೆ ನಿನಗೆ ಪೆಟ್ರೋಲ್ ಖರ್ಚಾದ್ರೂ ಉಳೀತಿತ್ತು."

ಊರಿನ ಚಾಲಕರು ಇವರನ್ನು ಕರೆಯುವುದು ಕೊಳವೆ ಮಾಮ ಎಂದು. ಅರವತ್ತು ದಾಟಿದೆ. ಬಲಗೈಯ ತೋರುಬೆರಳಿನ ತುದಿಯನ್ನು ಹರೆಯದಲ್ಲೇ ಒಂದು ಫ್ಯಾನ್ ಬೆಲ್ಟು ತೆಗೆದುಕೊಂಡಿದೆ. ಮೊಳ ಉದ್ದದ ತಾಮ್ರದ ಕೊಳವೆಯೊಂದು ಸದಾ ಅವರ ಜೇಬಿನಿಂದ ಹೊರಚಾಚಿಕೊಂಡಿರುತ್ತದೆ. ಅದರ ಒಂದು ತುದಿಯನ್ನು ಎಂಜಿನ್ನಿನ ಮೈಗೆ, ಇನ್ನೊಂದನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಯಾವ ಸಿಲಿಂಡರಿನಲ್ಲಿ ಏನಾಗುತ್ತಿದೆ ಎಂದು ಹೇಳಲು ಅವರಿಗೆ ಬೇರೆ ಯಂತ್ರ ಇಲ್ಲ. ಆದರೆ ಅದಕ್ಕೆ ನಿಶ್ಶಬ್ದ ಬೇಕು. ಶೆಡ್ಡಿನ ಬೆನ್ನಿಗೇ ಹಿಟ್ಟಿನ ಗಿರಣಿಯಿದೆ. ಅದು ಶುರುವಾದರೆ ತಗಡುಗಳೆಲ್ಲ ನಡುಗುತ್ತವೆ. ಹಾಗಾಗಿ ಕೇಳುವ ಕೆಲಸವೆಲ್ಲ ಗಿರಣಿಗೆ ಮುಂಚೆ, ಬಿಚ್ಚುವ ಕೆಲಸವೆಲ್ಲ ಗಿರಣಿಯ ನಂತರ.

ಅವರ ಹತ್ತಿರ ಬರುವುದು ಹೆಚ್ಚಾಗಿ ಒಂದೇ ಕಾಯಿಲೆ. ಮೆಕ್ಯಾನಿಕ್‌ಗಳು ಅದನ್ನು ನಾಕಿಂಗ್ ಅನ್ನುತ್ತಾರೆ, ಕೆಲವರು ಪಿಂಗಿಂಗ್ ಅನ್ನುತ್ತಾರೆ. ಗಾಡಿ ಏರು ಹತ್ತುವಾಗ, ಮೈಮೇಲೆ ಭಾರ ಇದ್ದಾಗ, ಒಳಗಿನಿಂದ ಯಾರೋ ತಟ್ಟುವಂಥ ಸಣ್ಣ ಲೋಹದ ಸದ್ದು. ಸಪಾಟು ರಸ್ತೆಗೆ ಬಂದ ಕೂಡಲೇ ಮಾಯ. ನಿಲ್ಲಿಸಿ ಬಾನೆಟ್ ತೆಗೆದರೆ ಏನೂ ಇಲ್ಲ. "ಪಿಸ್ಟನ್ ಮೇಲೆ ಬಂದಮೇಲೆ ಬೆಂಕಿ ಹತ್ಬೇಕು," ಎಂದು ಮಾಮ ಮುಷ್ಟಿಯನ್ನು ಅಂಗೈಯತ್ತ ಎತ್ತಿ ತೋರಿಸುತ್ತಾರೆ. "ಇನ್ನೂ ಬರ್ತಿರುವಾಗ್ಲೇ ಹತ್ತಿದ್ರೆ, ಮೆಟ್ಟಿಲು ಹತ್ತಿ ಬರ್ತಿರೋನ ತಲೆಗೆ ಹೊಡೆದ ಹಾಗೆ. ಆ ಏಟಿನ ಸದ್ದು ಅದು. ಬಿಟ್ರೆ ಒಂದಿನ ಪಿಸ್ಟನ್ ತೂತಾಗುತ್ತೆ."

ಕಾರಣಗಳು ಹಲವು. ಮಸಿ ಕಟ್ಟಿರಬಹುದು, ಕಿಡಿ ಹಾರುವ ಟೈಮಿಂಗ್ ಮುಂದಾಗಿರಬಹುದು, ಪೆಟ್ರೋಲ್ ಕೆಟ್ಟದ್ದಿರಬಹುದು, ಕಿಡಿ ಕೊಡುವ ಪ್ಲಗ್ ಆ ಎಂಜಿನ್ನಿಗೆ ಒಗ್ಗದ ಜಾತಿಯದಿರಬಹುದು. ಯಾವುದೆಂದು ತಿಳಿಯಲು ಮೊದಲು ಸದ್ದು ಕೇಳಬೇಕು. ಅದಕ್ಕೆ ಮಾಮ ಎಲ್ಲ ಕಾರುಗಳನ್ನೂ ಸ್ಮಶಾನದ ಏರಿಗೆ ಒಯ್ಯುತ್ತಾರೆ. ಊರಲ್ಲಿ ಅಷ್ಟು ಕಡಿದಾದ ರಸ್ತೆ ಇನ್ನೊಂದಿಲ್ಲ. ಸಾಲದ್ದಕ್ಕೆ ಒಂದು ಪಕ್ಕದಲ್ಲಿ ಸ್ಮಶಾನದ ಕಲ್ಲಿನ ಗೋಡೆ ಉದ್ದಕ್ಕೂ ಇದೆ. ಕಿಟಕಿ ಇಳಿಸಿ ಗೋಡೆಯ ಪಕ್ಕದಲ್ಲೇ ಹತ್ತಿದರೆ ಎಂಜಿನ್ನಿನ ಪ್ರತಿ ಮಾತನ್ನೂ ಗೋಡೆ ತಿರುಗಿ ಹೇಳುತ್ತದೆ.

ಹೊಸ ಕಾರುಗಳು ಬಂದಮೇಲೆ ಕೆಲಸ ಕಡಿಮೆಯಾಗಿದೆ. ಅವುಗಳಿಗೆ ತಮ್ಮದೇ ಕಿವಿಯಿದೆ. ಸದ್ದು ಹುಟ್ಟುವ ಮೊದಲೇ ತಾವೇ ಸರಿಪಡಿಸಿಕೊಳ್ಳುತ್ತವೆ. ಮಾಮ ಹುಡುಗನಾಗಿ ಸೇರಿದ್ದ ದೊಡ್ಡ ಗ್ಯಾರೇಜು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ವಾರಕ್ಕೆ ನಾಲ್ಕೈದು ಕಾರು ಬಂದರೆ ಹೆಚ್ಚು. ಮನೆ ನಡೆಯುವುದು ಹೆಂಡತಿಯಿಂದ. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅವರ ಹೊಲಿಗೆ ಯಂತ್ರವಿದೆ, ಕಾರಿನ ಸೀಟಿಗೆ ಕವರ್ ಹೊಲಿಯುತ್ತಾರೆ. "ಇವ್ರಿಗೆ ಎಂಜಿನ್ ಪಿಸುಗುಟ್ಟಿದ್ರೂ ಕೇಳುತ್ತೆ," ಎನ್ನುತ್ತಾರೆ ಆಕೆ, ದಾರ ಕಚ್ಚುತ್ತ. "ನಾನು ಅಕ್ಕಿ ಇಲ್ಲ ಅಂತ ಕೂಗಿದ್ರೂ ಕೇಳಲ್ಲ."

ಮಾಮ ಒಮ್ಮೆ ಒಂದು ಸದ್ದನ್ನು ಹೋಗಲಾಡಿಸಿ, ಆಮೇಲೆ ಹೆಂಡತಿಯ ಜೊತೆ ಅದನ್ನೇ ಹುಡುಕಿಕೊಂಡು ಅಲೆದರು. ಆ ಕತೆಗಾಗಿಯೇ ಇವರ ಬಗ್ಗೆ ಬರೆಯಬೇಕಾಗಿದೆ.

ಊರಿನ ಸಂಘವೊಂದಕ್ಕೆ ಸೇರಿದ ಶವದ ಗಾಡಿಯಿದೆ. ಮೂಲತಃ ಅದೂ ಒಂದು ಉದ್ದನೆಯ ಹಳೆಯ ಕಾರು. ಹಿಂದಿನ ಸೀಟು ಕಿತ್ತು, ಪೆಟ್ಟಿಗೆ ಇಡಲು ಕಬ್ಬಿಣದ ಹಲಗೆ ಕೂರಿಸಿ, ಪಕ್ಕದಲ್ಲಿ ಮನೆಯವರು ಕೂರಲು ಸಣ್ಣ ಬೆಂಚು ಹಾಕಿದ್ದಾರೆ. ಹೋದ ವರ್ಷ ಒಂದು ಮಧ್ಯಾಹ್ನ ಅದರಲ್ಲಿ ಒಬ್ಬ ಹುಡುಗಿಯ ದೇಹ ಹೋಗುತ್ತಿತ್ತು. ಹತ್ತೊಂಬತ್ತು ವರ್ಷ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ತೀರಿಕೊಂಡವಳು. ಬೆಂಚಿನ ಮೇಲೆ ಅವಳ ತಾಯಿ ಮತ್ತು ತಾಯಿಯ ತಮ್ಮ. ಏರು ಶುರುವಾಯಿತು. ಪೆಟ್ಟಿಗೆಯೊಳಗಿನಿಂದ ತಟ್ಟುವ ಸದ್ದು ಬಂತು.

ಮೂರು ಸಲ. ಬಿಟ್ಟು, ಎರಡು ಸಲ.

ತಾಯಿ ಕಿರುಚಿದರು. ಚಾಲಕ ಗಾಡಿ ನಿಲ್ಲಿಸಿದರು. ಸದ್ದೂ ನಿಂತಿತು. ಏರಿನ ನಡುವೆಯೇ ಮುಚ್ಚಳ ತೆಗೆದರು. ಹುಡುಗಿ ಇಟ್ಟ ಹಾಗೇ ಇದ್ದಳು. ಮೂಗಿನ ಬಳಿ ಬೆರಳು ಹಿಡಿದು ನೋಡಿದರು, ಕೈ ಮುಟ್ಟಿ ನೋಡಿದರು. ಮತ್ತೆ ಮುಚ್ಚಿದರು. ಗಾಡಿ ಹೊರಟಿತು. ಸದ್ದು ಮತ್ತೆ ಶುರುವಾಯಿತು.

ಎರಡನೇ ಸಲ ಯಾರೂ ತೆಗೆಯಲಿಲ್ಲ. ತಮ್ಮನಾದವರು ಅಕ್ಕನ ಎರಡೂ ಕೈ ಹಿಡಿದುಕೊಂಡು, "ನೋಡಿದ್ವಲ್ಲಕ್ಕ, ನೋಡಿದ್ವಲ್ಲ," ಎನ್ನುತ್ತಲೇ ಇದ್ದರು. ಏರು ಮುಗಿಯುವವರೆಗೂ ಪೆಟ್ಟಿಗೆ ತಟ್ಟುತ್ತಲೇ ಇತ್ತು. ಹುಡುಗಿಯನ್ನು ಮಣ್ಣು ಮಾಡಿ ಬಂದರು.

ಆ ತಾಯಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. ಮಾತಾಡುವಾಗಲೂ ಕೈ ನಿಲ್ಲುವುದಿಲ್ಲ. "ಮೊದಲನೇ ಸಲ ತೆಗೆದು ನೋಡಿದ್ವಿ, ಸರಿ. ಎರಡನೇ ಸಲ ಯಾಕೆ ತೆಗೀಲಿಲ್ಲ? ನಾವು ಮುಚ್ಚಳ ತೆಗೆಯೋ ಹೊತ್ತಿಗೆ ಸುಸ್ತಾಗಿ ನಿಲ್ಲಿಸಿರಬೋದು. ಆಮೇಲೆ ಮತ್ತೆ ಕರೆದಿರಬೋದು. ಚಿಕ್ಕವಳಿದ್ದಾಗ ಬಚ್ಚಲ ಬಾಗಿಲು ಹಾಗೇ ತಟ್ಟೋಳು, ಚಿಲಕ ತೆಗಿಯಮ್ಮ ಅಂತ." ಅವರು ಅಂಗಿಯ ತೋಳು ತಿರುಗಿಸಿ ಹಾಕುತ್ತಾರೆ. "ವಾರಗಟ್ಟಲೆ ನನಗೆ ಬೇರೆ ಏನೂ ಕೇಳಿಸ್ತಿರಲಿಲ್ಲ."

ಇತ್ತ ಶವದ ಗಾಡಿಯ ಚಾಲಕ ಮರುದಿನವೇ ಅದನ್ನು ಮಾಮನ ಶೆಡ್ಡಿಗೆ ತಂದಿದ್ದರು. ಮಾಮ ಭಾರಕ್ಕೆಂದು ಮರಳಿನ ಮೂಟೆ ತುಂಬಿ ಏರು ಹತ್ತಿಸಿದರು, ಸದ್ದು ಕೇಳಿದರು, ಕೊಳವೆ ಇಟ್ಟು ಮೂರನೇ ಸಿಲಿಂಡರ್ ಎಂದರು. ಆ ಸಿಲಿಂಡರಿನ ಪ್ಲಗ್ ಬಿಸಿಯನ್ನು ಬಿಟ್ಟುಕೊಡದ ಜಾತಿಯದು. ಹಿಂದೆ ಯಾವಾಗಲೋ ದಾರಿಯಲ್ಲಿ ಗಾಡಿ ಕೆಟ್ಟಾಗ ಚಾಲಕ ಸಿಕ್ಕಿದ್ದನ್ನು ಹಾಕಿಸಿಕೊಂಡಿದ್ದರು. "ತಿರುಪು ಕೂತಿತ್ತು ಮಾಮ, ಸರಿಯಾಗೇ ಕೂತಿತ್ತು," ಎಂದು ಈಗಲೂ ವಾದಿಸುತ್ತಾರೆ. ತಿರುಪೇನೋ ಕೂತಿತ್ತು. ಆದರೆ ಭಾರ ಹೊತ್ತು ಏರು ಹತ್ತುವಾಗ ಅದರ ಮೂಗು ಕೆಂಪಾಗಿ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತಿತ್ತು. ಪ್ರತಿ ಸಲವೂ ಅಲ್ಲ, ತೋಚಿದಾಗ. ಅದಕ್ಕೇ ಆ ಸದ್ದಿಗೆ ಮನುಷ್ಯರ ತಾಳ. ಹಿಂದಿನ ಕಬ್ಬಿಣದ ಹಲಗೆಯನ್ನು ಬೋಲ್ಟು ಹಾಕಿ ನೇರ ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಬಿಗಿದಿದ್ದಾರೆ. ಎಂಜಿನ್ನಿನ ಸದ್ದು ಕಬ್ಬಿಣದೊಳಗೇ ನಡೆದು ಹೋಗಿ ಪೆಟ್ಟಿಗೆಯ ಅಡಿಯಲ್ಲಿ ಎದ್ದು ಬರುತ್ತದೆ. ಮುಂದೆ ಕೂತ ಚಾಲಕನಿಗೆ ಬರೀ ಗುರುಗುರು.

ಮಾಮ ಎಂಜಿನ್ನಿನ ಹೆಡ್ ಬಿಚ್ಚಿದರು, ಮಸಿ ಕೆರೆದರು, ನಾಲ್ಕೂ ಪ್ಲಗ್ ಹೊಸದು ಹಾಕಿದರು, ಟೈಮಿಂಗ್ ಕೂರಿಸಿದರು. ಹಳೆಯ ಪ್ಲಗ್‌ಗಳನ್ನು ಎಂದಿನಂತೆ ಹಳೆಯ ಪ್ಲಗ್‌ಗಳ ಡಬ್ಬಕ್ಕೆ ಎಸೆದರು. ಗಾಡಿ ಬೆಕ್ಕಿನ ಹಾಗೆ ಏರು ಹತ್ತಿತು. ಒಳ್ಳೆಯ ಮೆಕ್ಯಾನಿಕ್ ಮಾಡುವ ಕೆಲಸವನ್ನೇ ಮಾಡಿದರು. ಎಡವಟ್ಟಾದದ್ದು ಅಲ್ಲೇ.

ಒಂದು ವಾರದ ನಂತರ ತಾಯಿ ಮತ್ತು ತಮ್ಮ ಶೆಡ್ಡಿಗೆ ಬಂದರು. ಎಂಜಿನ್ನಿನ ಸದ್ದು ಅಂತ ಊರೆಲ್ಲ ಹೇಳುತ್ತಿದೆ, ನನಗೊಮ್ಮೆ ಕೇಳಿಸಿ ಎಂದರು ತಾಯಿ.

"ಅಮ್ಮ, ಅದನ್ನ ಸರಿ ಮಾಡಿಬಿಟ್ಟೆ."

"ಸರಿ ಮಾಡಿದ್ರೆ ನಾನು ಹೇಗೆ ನಂಬ್ಲಿ?"

ಮಾಮ ಟೈಮಿಂಗನ್ನು ಬೇಕೆಂದೇ ಮುಂದಕ್ಕೆ ತಿರುಗಿಸಿ, ಮೂಟೆ ತುಂಬಿ, ಅವರನ್ನು ಬೆಂಚಿನ ಮೇಲೆ ಕೂರಿಸಿ ಏರು ಹತ್ತಿಸಿದರು. ಸದ್ದೇನೋ ಬಂತು. ಆದರೆ ಈಗ ನಾಲ್ಕೂ ಸಿಲಿಂಡರ್ ಸೇರಿ, ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ.

"ಇದಲ್ಲ," ಎಂದರು ತಾಯಿ.

"ಅಕ್ಕ, ಇದೇ ಅಂತ ಹೇಳು, ಮುಗಿಸೋಣ," ಎಂದರು ತಮ್ಮ.

"ನೀನು ಅವತ್ತೂ ಹೀಗೇ ಮುಗಿಸಿದ್ದೆ."

ಅಲ್ಲಿಂದ ಶೆಡ್ಡಿಗೆ ಬೇರೆ ಬೇರೆ ಜನ ಬರತೊಡಗಿದರು. ಯಾರೂ ಕಾರು ತಂದಿರಲಿಲ್ಲ. ಬೇಕರಿಯವನೊಬ್ಬ ಬಾಗಿಲ ಬಳಿ ನಿಂತು, ನಮ್ಮಪ್ಪನನ್ನು ಒಯ್ದಾಗಲೂ ಕೇಳಿತ್ತು ಎಂದ. ಹೇಳಿದರೆ ತಲೆಕೆಟ್ಟಿದೆ ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದನಂತೆ. ಒಬ್ಬ ಮುದುಕಿ, ಗಂಡ ತಟ್ಟಿದ್ದು ಕೇಳಿಯೂ ತಾನು ನಿಲ್ಲಿಸಿ ಎನ್ನಲಿಲ್ಲ ಎಂದರು; ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಪ್ಲಗ್ ಎಷ್ಟು ಕಾಲದಿಂದ ಗಾಡಿಯಲ್ಲಿತ್ತೋ ಅಷ್ಟು ಕಾಲ ಊರಿನ ಸತ್ತವರೆಲ್ಲ ಏರಿನಲ್ಲಿ ತಟ್ಟಿದ್ದರು, ಬದುಕಿದ್ದವರೆಲ್ಲ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದರು.

ಆ ಹಳೆಯ ಪ್ಲಗ್ ಹುಡುಕಲು ಮಾಮ ಡಬ್ಬವನ್ನು ನೆಲಕ್ಕೆ ಸುರುವಿದರು. ಊರಿನ ಹಳೆಯ ಕಾರುಗಳ ಸತ್ತ ಪ್ಲಗ್‌ಗಳೆಲ್ಲ ಅದರಲ್ಲಿದ್ದವು. ಎಲ್ಲ ಒಂದೇ ಥರ ಕರಿ, ಮೇಲಿನ ಅಕ್ಷರಗಳು ಸುಟ್ಟು ಅಳಿಸಿದ್ದವು. ಉಳಿದದ್ದು ಒಂದೇ ದಾರಿ. ಆ ಗಾಡಿಗೆ ಕೂರುವಂಥವನ್ನು ಆರಿಸಿಟ್ಟು, ದಿನಾ ಬೆಳಿಗ್ಗೆ ಒಂದೊಂದನ್ನು ಮೂರನೇ ಸಿಲಿಂಡರಿಗೆ ಹಾಕಿ ಏರು ಹತ್ತಿಸುವುದು. ಸದ್ದು ಬಾರದಿದ್ದರೆ ತೆಗೆದು, ಒಳ್ಳೆಯ ಪ್ಲಗ್ ಹಾಕಿ, ಗಾಡಿಯನ್ನು ಸಂಘಕ್ಕೆ ವಾಪಸು ಕಳಿಸುವುದು. ಸತ್ತವರು ಕಾಯುವುದಿಲ್ಲ.

"ಜನ ಸತ್ತಮೇಲೆ ಒಂದೇ ಸಲ ಹೋಗ್ತಾರೆ ಮಾಮ," ಎಂದು ಚಾಲಕ ಗೊಣಗುತ್ತಿದ್ದರು. "ನಾನು ಬದುಕಿರುವಾಗ್ಲೇ ದಿನಾ ಹೋಗಿ ಬರ್ತಿದೀನಿ."

ಹಿಂದೆ ಬೆಂಚಿನ ಮೇಲೆ ಕೂತು ಕೇಳುವವರು ಬೇಕಿತ್ತು. ಚಾಲಕ ಸುತಾರಾಂ ಒಪ್ಪಲಿಲ್ಲ. ಮಾಮನ ಹೆಂಡತಿ ಹೊಲಿಗೆ ಬಿಟ್ಟು ಎದ್ದರು. "ಮದುವೆ ಆದಾಗಿಂದ ಎಲ್ಲಾದ್ರೂ ಗಾಡಿಯಲ್ಲಿ ಕರ್ಕೊಂಡು ಹೋಗ್ರೀ ಅಂತಿದ್ದೆ. ಕೊನೆಗೂ ಕರ್ಕೊಂಡು ಹೋದ್ರು ನೋಡಿ, ಇದರಲ್ಲಿ."

ಹಲವು ಬೆಳಗು ಬರಿದೇ ಹೋದವು. ಒಂದು ದಿನ ಏರಿನ ಅರ್ಧದಲ್ಲಿ ಆಕೆ ನಡುವಿನ ಗಾಜನ್ನು ಬಡಿದರು. ಮಾಮ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಾಗ ಆಕೆ ಬೆಂಚಿನ ಮೇಲೆ ಇರಲಿಲ್ಲ. ಕಬ್ಬಿಣದ ಹಲಗೆಯ ಮೇಲೆ ಮಂಡಿಯೂರಿ, ಮರಳಿನ ಮೂಟೆಯೊಂದರ ಹೊಲಿಗೆಯನ್ನು ಅರ್ಧ ಬಿಚ್ಚಿದ್ದರು.

"ಮರಳು ಅಂತ ಗೊತ್ತು ರೀ. ನಾನೇ ಹೊಲಿದ ಮೂಟೆ," ಎಂದರು. "ಆದ್ರೂ ತೆಗೆದು ನೋಡದೆ ಇರೋಕೆ ಆಗ್ಲಿಲ್ಲ."

ಅವತ್ತು ಮಾಮ ಆ ಪ್ಲಗ್ ತೆಗೆದು ಜೇಬಿಗಿಟ್ಟುಕೊಂಡರು. ಮರುದಿನ ಬೆಳಿಗ್ಗೆ ತಾಯಿಯನ್ನು ಕರೆಸಿದರು. ತಮ್ಮ ಬರಲಿಲ್ಲ. ಒಳಗೆ ಏನಿದೆ ಎಂದು ತಾಯಿ ಮೊದಲೇ ನೋಡಿಬಿಡಲಿ ಎಂದು ಮಾಮ ಎಲ್ಲ ಮೂಟೆಗಳ ಬಾಯಿ ಬಿಚ್ಚಿ ತೋರಿಸಿದರು. ತಾಯಿ ಪ್ರತಿ ಮೂಟೆಯೊಳಗೂ ಮೊಣಕೈವರೆಗೆ ಕೈ ಹಾಕಿ ನೋಡಿದರು. ಮತ್ತೆ ಕಟ್ಟಿ, ಇಬ್ಬರು ಹೆಂಗಸರೂ ಬೆಂಚಿನ ಮೇಲೆ ಕೂತರು. ಮಾಮನೇ ಓಡಿಸಿದರು.

ಹಿಂದೆ ಏನಾಯಿತೆಂದು ಹೇಳಬಲ್ಲವರು ಮಾಮನ ಹೆಂಡತಿ. "ಏರು ಶುರುವಾಯ್ತು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಬಂತು. ಮೂರು, ಬಿಟ್ಟು ಎರಡು. ಆಯಮ್ಮ ಅಳಲಿಲ್ಲ. ಮೂಟೆ ಮೇಲೆ ಅಂಗೈ ಇಟ್ರು, ಮಗು ಮಲಗಿದ್ಯಾ ಅಂತ ನೋಡ್ತಾರಲ್ಲ, ಹಾಗೆ. ತುದಿ ಮುಟ್ಟೋವರೆಗೂ ಕೈ ತೆಗೀಲಿಲ್ಲ. ಸದ್ದು ನಿಂತಮೇಲೆ ಇನ್ನೊಂದು ಸಲ ಅಂದ್ರು. ಕೆಳಗಿಳಿದು ಮತ್ತೆ ಹತ್ತಿದ್ವಿ. ಮತ್ತೆ ಬಂತು."

ಎರಡನೇ ಸಲ ಮೇಲೆ ಬಂದಾಗ ತಾಯಿ ಕೆಳಗಿಳಿದು ಸೀರೆಯ ಮರಳು ಕೊಡವಿಕೊಂಡರು. "ಇದೇ," ಎಂದರು. ಅದು ಅವರಿಗೆ ಬೇಕಿದ್ದ ಮಾತು ಹೌದೋ ಅಲ್ಲವೋ ಎಂದು ಕೇಳಿದರೆ ಇಸ್ತ್ರಿಯ ಮೇಲಿಂದ ಕಣ್ಣೆತ್ತದೆ ಹೇಳುತ್ತಾರೆ: "ಅವತ್ತಿಂದ ನಿದ್ದೆ ಬರ್ತಿದೆ. ಆದ್ರೆ ಅವಳು ಕರೀಲಿಲ್ಲ ಅಂತ ಗೊತ್ತಾದ್ಮೇಲೆ ಮನೆ ತುಂಬಾ ಖಾಲಿ ಅನ್ನಿಸುತ್ತೆ. ಎರಡೂ ನಿಜ. ಬರ್ಕೊಳ್ಳಿ."

ಆದರೆ ಅಂದು ಏರಿನ ತುದಿಯಲ್ಲಿ ಅವರು ಇನ್ನೊಂದು ಮಾತನ್ನೂ ಕೇಳಿದ್ದರು.

"ಇದು ಎಂಜಿನ್ ಅಂತ ಊರಿಗೆಲ್ಲ ಗೊತ್ತಾಯ್ತು. ನಾಳೆ ಯಾರಾದ್ರೂ ಒಳಗಿಂದ ನಿಜವಾಗ್ಲೂ ತಟ್ಟಿದ್ರೆ, ಆಗ್ಲೂ ಎಂಜಿನ್ ಅಂದ್ಕೊಂಡು ಹೋಗ್ತಾನೇ ಇರ್ತೀರಿ ಅಲ್ವಾ?"

ಮಾಮ ಬಾನೆಟ್ ಎತ್ತಿ, ಬಟ್ಟೆ ಸುತ್ತಿ, ಕೈ ಸುಡುತ್ತಿದ್ದರೂ ಆ ಪ್ಲಗ್ಗನ್ನು ಅಲ್ಲೇ ಬಿಚ್ಚಿದರು. ಒಳ್ಳೆಯದನ್ನು ಹಾಕಿ ಗಾಡಿ ಇಳಿಸಿದರು. ಶೆಡ್ಡಿಗೆ ಬಂದು ಅದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದರು. ಡಬ್ಬದಲ್ಲಿದ್ದ ಉಳಿದವನ್ನೂ ಒಂದೂ ಬಿಡದೆ.

ಶವದ ಗಾಡಿ ಈಗ ಪ್ರತಿ ವಾರ ಶೆಡ್ಡಿಗೆ ಬರುತ್ತದೆ. ಕೆಟ್ಟಿರಲಿ, ಬಿಟ್ಟಿರಲಿ. ಚಾಲಕ ಎಲ್ಲಿಂದಲೂ ಏನನ್ನೂ ಹಾಕಿಸಿಕೊಳ್ಳುವ ಹಾಗಿಲ್ಲ. ಮೂಟೆ ತುಂಬಿ ಏರು ಹತ್ತಿಸುವುದು, ಬೆಂಚಿನ ಮೇಲೆ ಹೆಂಡತಿ ಕೂರುವುದು, ತುದಿಯಲ್ಲಿ ಆಕೆ ಇಳಿದು ತಲೆಯಾಡಿಸುವುದು. ಆಕೆ ತಲೆಯಾಡಿಸದೆ ಗಾಡಿ ಸಂಘಕ್ಕೆ ಹೋಗುವುದಿಲ್ಲ. ಸಂಘದವರಿಗೆ ಇದು ಅತಿಯೆನಿಸಿದೆ. ಸ್ವಲ್ಪ ಸದ್ದು ಬಂದರೇನಂತೆ, ಏನೆಂದು ಈಗ ಎಲ್ಲರಿಗೂ ಗೊತ್ತಲ್ಲ ಎಂದು ಒಬ್ಬರು ಹೇಳಿಯೂ ಹೇಳಿದರು. ಎಲ್ಲರಿಗೂ ಗೊತ್ತಿರುವುದೇ ತಮ್ಮ ಚಿಂತೆ ಎಂದು ಮಾಮ ಅವರಿಗೆ ಬಿಡಿಸಿ ಹೇಳಲು ಹೋಗಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಮಾಮ ಕೈಯನ್ನು ಸೀಮೆಎಣ್ಣೆಯ ಬಟ್ಟೆಗೆ ಒರೆಸುತ್ತಾರೆ. ಗಿರಣಿ ಶುರುವಾಗುವ ಹೊತ್ತು. ತಗಡು ಆಗಲೇ ಸಣ್ಣಗೆ ನಡುಗತೊಡಗಿದೆ. ಅವರು ದನಿ ಏರಿಸುವುದಿಲ್ಲ. ಹತ್ತಿರ ಹೋಗಿ ಕೇಳಬೇಕು.

"ಕಿವಿ ಇರೋವರೆಗೂ ಇದೊಂದು ಗಾಡಿ ನೋಡ್ಕೊಳ್ಳೋಕೆ ಬಿಟ್ರೆ ಸಾಕು. ಡ್ರೈವರ್‌ಗೆ ಒಂದೇ ಮಾತು ಹೇಳಿಟ್ಟಿದೀನಿ. ಏರಲ್ಲಿ ತಟ್ಟಿದ ಸದ್ದು ಬಂದ್ರೆ ಯೋಚನೆ ಮಾಡ್ಬೇಡ, ನಿಲ್ಸು, ಮುಚ್ಚಳ ತೆಗಿ. ಎಷ್ಟು ಸಲ ಬಂದ್ರೂ ಅಷ್ಟು ಸಲ ತೆಗಿ. ಅದು ನನ್ನ ಎಂಜಿನ್ ಅಲ್ಲ."